ಆ ವಾಲ್ವಿಗೆ ಪಾಸ್‌ವರ್ಡ್ ಇಲ್ಲ

ಮೊದಲ ದಿನ ಬೆಳಿಗ್ಗೆ ಹನ್ನೊಂದಾದರೂ ಯಾರೂ ಬಾಯಿ ಬಿಟ್ಟಿರಲಿಲ್ಲ. ಮೇಜಿನ ತುಂಬ ನಕ್ಷೆ ಹಾಸಿದ್ದೆವು. ಗೋಡೆಗೆ ಪ್ರೊಜೆಕ್ಟರ್ ಬಿಟ್ಟಿದ್ದೆವು. ನಾನು ಇಂಗ್ಲಿಷಿನಲ್ಲಿ ಕೇಳುವುದು, ಪ್ರೊಡಕ್ಷನ್ ಮ್ಯಾನೇಜರ್ ಮರಾಠಿಯಲ್ಲಿ ಉತ್ತರ ಕೊಡುವುದು, ಉಳಿದ ಏಳು ಜನ ಚಹಾದ ಕಪ್ಪು ನೋಡುತ್ತಾ ಕೂರುವುದು. ಹೀಗೇ ಎರಡು ತಾಸು ಹೋಯಿತು.

ಜಾಗ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ತಾಲೂಕು. ಒಂದು ಸಕ್ಕರೆ ಕಾರ್ಖಾನೆ, ಅದಕ್ಕೆ ಅಂಟಿಕೊಂಡೇ ಡಿಸ್ಟಿಲರಿ. ಹೆಸರು ಬೇಡ. ಕಾಕಂಬಿ ಹುದುಗಿಸಿ, ಬಟ್ಟಿ ಇಳಿಸಿ, ಪೆಟ್ರೋಲಿಗೆ ಬೆರೆಸುವ ಇಥೆನಾಲ್ ಮಾಡುತ್ತಾರೆ. ನಾನು ಪುಣೆಯ ಒಂದು ಸಣ್ಣ ಕನ್ಸಲ್ಟೆನ್ಸಿಯಲ್ಲಿದ್ದೇನೆ. ಇಂಥ ಕಾರ್ಖಾನೆಗಳಿಗೆ ಹೋಗಿ, ಅಲ್ಲಿನವರನ್ನೇ ಕೂರಿಸಿಕೊಂಡು, ಎಲ್ಲೆಲ್ಲಿ ಏನೇನು ಕೆಡಬಹುದು ಅಂತ ಅವರ ಬಾಯಿಂದಲೇ ಹೇಳಿಸಿ ಬರೆದುಕೊಳ್ಳುವುದು ನನ್ನ ಕೆಲಸ. ಅದಕ್ಕೆ ಹ್ಯಾಝಾಪ್ ಅನ್ನುತ್ತಾರೆ. ಈ ಸಲ ಜೊತೆಗೆ ಸೆಕ್ಯೂರಿಟಿ ರಿವ್ಯೂ ಕೂಡ ಇತ್ತು. ಅಂದರೆ ಯಂತ್ರ ತಾನಾಗಿ ಕೆಟ್ಟರೆ ಏನಾದೀತು ಅನ್ನೋದರ ಜೊತೆಗೆ, ಯಾರಾದರೂ ಬೇಕಂತಲೇ ಕೆಡಿಸಿದರೆ ಏನಾದೀತು ಅನ್ನೋದು. ಎರಡಕ್ಕೂ ಸೇರಿ ಆರು ದಿನ.

ನಮ್ಮೂರು ದುಧನಿ ಕಡೆ. ಏಳನೇ ಇಯತ್ತೆವರೆಗೆ ಕನ್ನಡ ಶಾಲೆಯಲ್ಲೇ ಓದಿದ್ದು. ಆದರೆ ಹತ್ತು ವರ್ಷದ ಕೆಲಸದಲ್ಲಿ ಒಂದು ಸಲವೂ ಮೀಟಿಂಗಿನಲ್ಲಿ ಕನ್ನಡ ಆಡಿದವಳಲ್ಲ. ಆಡಬಹುದು ಅಂತ ಹೊಳೆದೇ ಇರಲಿಲ್ಲ.

ಚಹಾಕ್ಕೆ ಬಿಟ್ಟಾಗ ಪಡಸಾಲೆಯಲ್ಲಿ ಇಬ್ಬರು ಆಪರೇಟರುಗಳು ಮಾತಾಡುತ್ತಿದ್ದರು. ಒಬ್ಬರಿಗೆ ಐವತ್ತೈದು ದಾಟಿರಬೇಕು, ತಲೆ ಮೇಲೆ ಬಿಳಿ ಟೋಪಿ. "ಆ ಹುಡುಗಿ ಏನ್ ಕೇಳಾಕತ್ತಾಳೋ ತಿಳೀವಲ್ದು ಮಾರಾಯಾ" ಅಂದರು.

"ನೀವು ಯಾಕ ಹೇಳವಲ್ರಿ ಅನ್ನೂದು ನನಗೂ ತಿಳೀವಲ್ದ್ರಿ ಕಾಕಾ" ಅಂದೆ.

ಟೋಪಿ ತೆಗೆದು ಮತ್ತೆ ಹಾಕಿಕೊಂಡರು. "ಅಯ್ಯ, ನಮ್ಮಾಕಿನ? ಯಾವೂರವಾ ನಿಂದು?"

ಅಲ್ಲಿಂದ ಮುಂದೆ ಕೆಲಸದ ದಾರಿಯೇ ಬದಲಾಯಿತು.

ಹ್ಯಾಝಾಪ್ ಬ್ರಿಟನ್ನಿನ ಐಸಿಐ ಕಂಪನಿಯಲ್ಲಿ 1960ರ ದಶಕದಲ್ಲಿ ಹುಟ್ಟಿದ ಪದ್ಧತಿ. ಕೇಳಲು ದೊಡ್ಡದು, ಮಾಡಲು ಮಕ್ಕಳಾಟದ ಹಾಗೆ. ಇಡೀ ಪ್ಲಾಂಟನ್ನು ತುಂಡು ತುಂಡು ಮಾಡುತ್ತೇವೆ. ಒಂದೊಂದು ತುಂಡಿಗೂ ನಕ್ಷೆ ಮೇಲೆ ಒಂದೊಂದು ಬಣ್ಣ ಬಳಿಯುತ್ತೇವೆ. ಆಮೇಲೆ ಕೆಲವೇ ಕೆಲವು ಪದ ಹಿಡಿದು ಪ್ರಶ್ನೆ ಕೇಳುತ್ತಾ ಹೋಗುತ್ತೇವೆ. ಆ ಪದಗಳನ್ನು ಅವತ್ತು ಬಿಳಿ ಬೋರ್ಡಿನ ಮೇಲೆ ಕನ್ನಡದಲ್ಲೇ ಬರೆದೆ. ಇಲ್ಲ. ಜಾಸ್ತಿ. ಕಮ್ಮಿ. ಉಲ್ಟಾ. ಜೊತಿಗೆ ಮತ್ತೊಂದು. ಬದಲಿ ಬ್ಯಾರೆ. ಈ ಪೈಪಿನಲ್ಲಿ ಹರಿವೇ ಇಲ್ಲ ಅಂದರೆ? ಜಾಸ್ತಿ ಬಂದರೆ? ಉಲ್ಟಾ ಹರಿದರೆ? ಕಾಕಂಬಿ ಬರಬೇಕಾದಲ್ಲಿ ಬೇರೇನೋ ಬಂದರೆ? ಯಾಕೆ ಹಾಗಾಗುತ್ತದೆ, ಆದರೆ ಏನು ಅನಾಹುತ, ತಡೆಯಲು ಈಗ ಏನಿದೆ, ಅದು ಸಾಕಾ? ಇಷ್ಟೇ. ಇದನ್ನೇ ಆರು ದಿನ, ಇನ್ನೂರು ಮುನ್ನೂರು ಸಲ ಕೇಳಬೇಕು. ಮಧ್ಯಾಹ್ನ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಆದ ಮೇಲೆ ಮೂರು ಗಂಟೆಗೆ ಕೇಳುವುದಂತೂ ಶಿಕ್ಷೆ. ನನಗೇ ಆಕಳಿಕೆ ಬರುತ್ತದೆ.

ಮ್ಯಾನೇಜರ್ ಸಾಹೇಬರು ಮರಾಠಿಯವರು. ಪಾಪ, ಬೇಜಾರು ಮಾಡಿಕೊಳ್ಳಲಿಲ್ಲ. ಅವರ ಪಕ್ಕ ಒಬ್ಬ ಹುಡುಗನನ್ನು ಕೂರಿಸಿದೆ, ಹೇಳಿದ್ದನ್ನೆಲ್ಲ ಮರಾಠಿ ಮಾಡಿ ಹೇಳುತ್ತಿದ್ದ. ಉತ್ತರ ಬರೆದುಕೊಳ್ಳುವ ಶೀಟು ಮಾತ್ರ ಇಂಗ್ಲಿಷಿನಲ್ಲೇ ತುಂಬುತ್ತಿದ್ದೆ.

ಹುದುಗು ಬರಿಸುವ ಟ್ಯಾಂಕಿನ ಹತ್ತಿರ ಬಂದೆವು. ಈಸ್ಟು ಸಕ್ಕರೆ ತಿಂದು ಆಲ್ಕೋಹಾಲ್ ಮಾಡುವಾಗ ಹೆಚ್ಚೂ ಕಡಿಮೆ ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡನ್ನೂ ಬಿಡುತ್ತದೆ. ಅದು ಗಾಳಿಗಿಂತ ಒಂದೂವರೆ ಪಟ್ಟು ಭಾರ. ಟ್ಯಾಂಕ್ ಖಾಲಿ ಮಾಡಿದರೂ ತಳದಲ್ಲೇ ಕೂತಿರುತ್ತದೆ. ತೊಳೆಯಲು ಇಳಿದವನು ಕುಸಿಯುತ್ತಾನೆ, ಎತ್ತಲು ಇಳಿದವನೂ ಕುಸಿಯುತ್ತಾನೆ. ಇದನ್ನು ಟ್ರೇನಿಂಗಿನಲ್ಲಿ ಸ್ಲೈಡು ಹಾಕಿ ಹೇಳಿದರೆ ಯಾರ ತಲೆಗೂ ಹೋಗುವುದಿಲ್ಲ. ನಾನು ಸುಮ್ನೆ ಕೇಳಿದೆ: "ಕಾಕಾ, ಹಗೇವು ತೆಗೆದ ಕೂಡ್ಲೆ ಯಾರರ ಇಳೀತಾರೇನ್ರಿ?"

"ಹುಚ್ಚದಾರೇನು? ಮೊದ್ಲ ಬಾಯಿ ತೆರದ ಬಿಡಬೇಕು. ಆಮ್ಯಾಲ ಕಂದೀಲ ಬಿಟ್ಟ ನೋಡಬೇಕು. ಆರಿತಂದ್ರ ಇಳೀಬಾರ್ದು."

ನಮ್ಮ ಕಡೆ ಜೋಳ ತುಂಬಿಡಲು ನೆಲದೊಳಗೆ ಹಗೇವು ಇರುತ್ತಿದ್ದವು. ಕಾಳು ಉಸಿರಾಡಿ ಒಳಗಿನ ಗಾಳಿ ಕೆಟ್ಟಿರುತ್ತದೆ. ಇವರ ಅಪ್ಪ ಅಜ್ಜಂದಿರಿಗೆ ಗೊತ್ತಿದ್ದದ್ದು ಇವರಿಗೂ ಗೊತ್ತಿದೆ. ಟ್ಯಾಂಕೂ ಒಂದು ಹಗೇವೇ ಅಂತ ಯಾರೂ ಹೇಳಿರಲಿಲ್ಲ ಅಷ್ಟೆ. "ಆದ್ರ ಇಲ್ಲಿ ಕಂದೀಲ ಬ್ಯಾಡ್ರಿ ಮತ್ತ" ಅಂದೆ. ಎಲ್ಲರೂ ನಕ್ಕರು. ಗಾಳಿ ಅಳೆಯುವ ಮೀಟರ್ ಎಲ್ಲಿದೆ ಅಂತ ಕೇಳಿದಾಗ ನಗು ನಿಂತಿತು. ಇತ್ತು, ಸೇಫ್ಟಿ ಆಫೀಸರ ಕಪಾಟಿನಲ್ಲಿ. ಚಾರ್ಜ್ ಇರಲಿಲ್ಲ.

ಮೂರನೇ ದಿನ ಇಥೆನಾಲ್ ಟ್ಯಾಂಕುಗಳ ಸರದಿ. ಇಲ್ಲಿ ಸ್ವಲ್ಪ ನಿಲ್ಲಬೇಕು.

ಇಥೆನಾಲ್ 13 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಸೊಲ್ಲಾಪುರದಲ್ಲಿ ಅಷ್ಟು ಚಳಿ ಬಿದ್ದರೆ ಜನವರಿಯ ಸಿದ್ಧೇಶ್ವರ ಜಾತ್ರೆ ಹೊತ್ತಿಗೆ, ಅದೂ ನಸುಕಿನಲ್ಲಿ. ಉಳಿದ ವರ್ಷವೆಲ್ಲ ಬಿಸಿಲೇ. ಇನ್ನೊಂದು ಮಾತು ಬಹಳ ಜನಕ್ಕೆ ಗೊತ್ತಿಲ್ಲ. ಪೆಟ್ರೋಲ್ ಟ್ಯಾಂಕಿನೊಳಗೆ ಆವಿ ಎಷ್ಟು ದಟ್ಟ ಅಂದರೆ ಸಾಮಾನ್ಯವಾಗಿ ಒಳಗೆ ಬೆಂಕಿ ಹತ್ತುವುದಿಲ್ಲ, ಗಾಳಿ ಸಾಲುವುದಿಲ್ಲ. ಇಥೆನಾಲ್ ಹಾಗಲ್ಲ. ಗಾಳಿಯಲ್ಲಿ ಅದರ ಆವಿ ನೂರಕ್ಕೆ 3.3ರಿಂದ 19ರವರೆಗೆ ಇದ್ದರೆ ಹೊತ್ತಿಕೊಳ್ಳುತ್ತದೆ. ನಮ್ಮ ಬಿಸಿಲಿಗೆ ಟ್ಯಾಂಕಿನೊಳಗಿನ ಆವಿ ಬಹುತೇಕ ಇದರ ನಡುವೆಯೇ ಇರುತ್ತದೆ. ಹೊತ್ತಿದರೆ ಹಗಲು ಬೆಳಕಿನಲ್ಲಿ ಉರಿ ಸರಿಯಾಗಿ ಕಾಣುವುದೂ ಇಲ್ಲ. ನೀರಿಗೆ ಬೆರೆಯುವ ದ್ರವವಾದ್ದರಿಂದ ಮಾಮೂಲಿ ಫೋಮು ಕರಗಿ ಹೋಗುತ್ತದೆ, ಬೇರೆಯದೇ ಫೋಮು ಬೇಕು.

ಪ್ರಶ್ನೆ ಇಟ್ಟೆ: ಟ್ಯಾಂಕಿನಲ್ಲಿ ಮಟ್ಟ "ಜಾಸ್ತಿ" ಆದರೆ?

ಇನ್‌ಸ್ಟ್ರುಮೆಂಟ್ ಎಂಜಿನಿಯರ್ ಚುರುಕು ಹುಡುಗ. ಮೂರು ರಕ್ಷಣೆ ಇದೆ ಮೇಡಂ ಅಂದ. ಒಂದು, ಪರದೆ ಮೇಲೆ ಲೆವೆಲ್ ಕಾಣುತ್ತದೆ, ಆಪರೇಟರ್ ನೋಡಿ ಪಂಪ್ ನಿಲ್ಲಿಸುತ್ತಾನೆ. ಎರಡು, ಅಲಾರಂ ಕೂಗುತ್ತದೆ. ಮೂರು, ಅದನ್ನೂ ದಾಟಿದರೆ ಒಳಬರುವ ವಾಲ್ವು ತಾನೇ ಮುಚ್ಚಿಕೊಳ್ಳುತ್ತದೆ. ಶೀಟಿನಲ್ಲಿ ಮೂರು ಸಾಲು ತುಂಬಿತು. ನೋಡಲು ಚಂದ.

ಕಾಕಾ ಹಿಂದಿನಿಂದ ಮೆಲ್ಲಗೆ ಅಂದರು: "ಮೂರೂ ಒಂದ ಗಡಿಯಾರ ನೋಡ್ತಾವಲ್ಲ ಯವ್ವಾ. ಅದ ತಪ್ಪಿದ್ರ?"

ಹೌದಲ್ವಾ! ಟ್ಯಾಂಕಿನ ಮೇಲೆ ಇದ್ದದ್ದು ಮಟ್ಟ ಅಳೆದು ಕಳಿಸುವ ಒಂದೇ ಲೆವೆಲ್ ಟ್ರಾನ್ಸ್‌ಮಿಟರ್. ಪರದೆಗೂ ಅದೇ, ಅಲಾರಮ್ಮಿಗೂ ಅದೇ, ವಾಲ್ವಿಗೂ ಅದೇ. ಮೂರು ಸಾಲಿನಲ್ಲಿ ಬರೆದಿದ್ದು ಒಂದೇ ರಕ್ಷಣೆ. 2005ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಬನ್ಸ್‌ಫೀಲ್ಡಿನಲ್ಲಿ ಹೀಗೇ ಆಗಿತ್ತು. ಲೆವೆಲ್ ಗೇಜು ಒಂದೇ ಕಡೆ ಅಂಟಿ ನಿಂತಿತು, ಬೇರೆಯಾಗಿ ಇಟ್ಟಿದ್ದ ಸ್ವಿಚ್ಚೂ ಕೆಲಸ ಮಾಡಲಿಲ್ಲ, ಪೆಟ್ರೋಲ್ ಉಕ್ಕಿ ಹರಿದು ಡಿಪೋ ಸ್ಫೋಟವಾಯಿತು. ಅಲ್ಲಿ ಎರಡನೆಯದು ಇದ್ದರೂ ಕೈಕೊಟ್ಟಿತ್ತು. ಇಲ್ಲಿ ಎರಡನೆಯದೇ ಇರಲಿಲ್ಲ.

"ಹಂಗಾರ ನೀವೇನ್ ಮಾಡ್ತೀರಿ ಕಾಕಾ?"

"ನಾ ಅದನ್ನ ನಂಬಂಗಿಲ್ಲ. ಮ್ಯಾಲ ಹೋಗಿ ಡಿಪ್ ಹಾಕಿ ನೋಡ್ತೀನಿ. ರಾತ್ರಿ ಶಿಫ್ಟಿನ ಹುಡುಗ್ರ ಹತ್ತಂಗಿಲ್ಲ."

ಡಿಪ್ ಅಂದರೆ ಟ್ಯಾಂಕಿನೊಳಗೆ ಅಳತೆ ಪಟ್ಟಿ ಇಳಿಸಿ ಮಟ್ಟ ನೋಡುವುದು. ಇದು ಯಾವ ಕಾಗದದಲ್ಲೂ ಇರಲಿಲ್ಲ. ಇಷ್ಟು ದಿನ ಆ ಟ್ಯಾಂಕು ಉಕ್ಕದೇ ಇದ್ದದ್ದು ಹಗಲು ಶಿಫ್ಟಿನ ಒಬ್ಬ ಮನುಷ್ಯನ ಅಪನಂಬಿಕೆಯಿಂದ.

ನಾಲ್ಕನೇ ದಿನ ಸೆಕ್ಯೂರಿಟಿ. ಆಫೀಸಿನ ಐಟಿ ಹುಡುಗ ಲ್ಯಾಪ್‌ಟಾಪ್ ಹಿಡಿದು ಬಂದ. ಫೈರ್‌ವಾಲ್ ಇದೆ, ಆ್ಯಂಟಿವೈರಸ್ ಇದೆ, ಮತ್ತೇನು ನೋಡುವುದು ಅಂದ. ತಪ್ಪು ಅವನದಲ್ಲ. ಆಫೀಸಿನ ಕಂಪ್ಯೂಟರ್ ಹಾಳಾದರೆ ಲೆಕ್ಕ ಹೋಗುತ್ತದೆ, ಪ್ಲಾಂಟಿನದು ಹಾಳಾದರೆ ಜನ ಹೋಗುತ್ತಾರೆ. ಅವನಿಗೆ ಕಲಿಸಿದ್ದು ಮೊದಲನೆಯದು ಮಾತ್ರ.

ನಾವು ಮಾಡುವ ರೀತಿ ಬೇರೆ. ತುಂಬಿಟ್ಟ ಹ್ಯಾಝಾಪ್ ಶೀಟನ್ನೇ ಮತ್ತೆ ತೆಗೆದು, ದೊಡ್ಡ ಅನಾಹುತ ಇರುವ ಒಂದೊಂದು ಸಾಲಿಗೂ ಎರಡೇ ಪ್ರಶ್ನೆ ಕೇಳುತ್ತೇವೆ. ಈ ಕಾರಣವನ್ನು ಕೀಬೋರ್ಡಿನಿಂದ ಹುಟ್ಟಿಸಬಹುದಾ? ಇದನ್ನು ತಡೆಯುವ ರಕ್ಷಣೆಗಳನ್ನೂ ಕೀಬೋರ್ಡಿನಿಂದಲೇ ಮಲಗಿಸಬಹುದಾ? ಎರಡಕ್ಕೂ ಹೌದು ಅಂತ ಬಂದರೆ ಆ ಸಾಲಿಗೆ ಕೆಂಪು. ಒಂದಾದರೂ ದಡ್ಡ ಕಬ್ಬಿಣ ನಡುವೆ ಇದ್ದರೆ ಬದುಕಿದೆವು. ಒತ್ತಡ ಮೀರಿದರೆ ತಾನೇ ತೆರೆಯುವ ಸೇಫ್ಟಿ ವಾಲ್ವು, ಒಂದೇ ಕಡೆ ಹರಿಯಲು ಬಿಡುವ ಎನ್‌ಆರ್‌ವಿ, ದ್ರವದ ಮೇಲೆ ತೇಲುವ, ನೇರ ತಂತಿಯ ಫ್ಲೋಟ್ ಸ್ವಿಚ್ಚು, ಇವಕ್ಕೆ ಪಾಸ್‌ವರ್ಡೇ ಇಲ್ಲ. ಕದಿಯುವುದೇನನ್ನು? ಸ್ಪ್ರಿಂಗಿಗೆ ಒತ್ತಡ ಗೊತ್ತು, ಬೇರೇನೂ ಗೊತ್ತಿಲ್ಲ.

ಇದು ನಮ್ಮ ಮನಸ್ಸಿಗೆ ಬಂದಂತೆ ಮಾಡುವ ಹೆಚ್ಚುವರಿ ಕೆಲಸವೂ ಅಲ್ಲ. ಕಾರ್ಖಾನೆಗಳ ಸುರಕ್ಷಾ ಕಂಟ್ರೋಲ್‌ಗಳಿಗೆ ಇರುವ ಐಇಸಿ 61511 ಅನ್ನೋ ಅಂತರರಾಷ್ಟ್ರೀಯ ಮಾನದಂಡದಲ್ಲಿ 2016ರ ಆವೃತ್ತಿಯಿಂದ ಈ ತಪಾಸಣೆ ಸೇರಿಕೊಂಡಿದೆ.

ಇಥೆನಾಲ್ ಟ್ಯಾಂಕಿನ ಸಾಲು ಕೆಂಪಾಯಿತು. ಅದು ಗೊತ್ತಿದ್ದದ್ದೇ. ಕಂಟ್ರೋಲ್ ರೂಮಿಗೆ ಹೋದೆವು. ವಾಲ್ವು ಪಂಪುಗಳನ್ನು ನಡೆಸುವ ಕಂಪ್ಯೂಟರ್ ಅಲ್ಲಿದೆ, ಅದಕ್ಕೆ ಪಿಎಲ್‌ಸಿ ಅನ್ನುತ್ತಾರೆ. ಪಿಎಲ್‌ಸಿ ಪ್ಯಾನೆಲ್ ಬಾಗಿಲ ಮೇಲೆ ದಸರೆಯ ಖಂಡೇಪೂಜೆಯ ಅರಿಶಿನ ಕುಂಕುಮ, ಮೂಲೆಗೆ ಸಿಕ್ಕಿಸಿದ ಒಣಗಿದ ಚೆಂಡು ಹೂವು. ತೆಗೆದು ನೋಡಿದರೆ ಒಳಗೆ ಪಿಎಲ್‌ಸಿ ಮೇಲೆ ಒಂದು ಪುಟ್ಟ ಕೀಲಿ. ಕೀಲಿಗೆ ಕೆಂಪು ದಾರ ಕಟ್ಟಿದ್ದರು. ಆ ಕೀಲಿ "ರನ್" ಕಡೆ ತಿರುಗಿದ್ದರೆ ಒಳಗಿನ ಪ್ರೋಗ್ರಾಮನ್ನು ಹೊರಗಿನಿಂದ ಬದಲಿಸಲು ಆಗುವುದಿಲ್ಲ. ಅದು ಬದಲಿಸಲು ಬಿಡುವ "ಪ್ರೋಗ್ರಾಂ" ಕಡೆ ಇತ್ತು. ಯಾವಾಗಿನಿಂದ? ಪ್ಲಾಂಟ್ ಶುರುವಾದಾಗ ಕಂಪನಿಯವನು ಬಂದು ತಿರುಗಿಸಿದ್ದು. ಹೊಸ ದಾರ ವರ್ಷವರ್ಷವೂ ಕಟ್ಟಿದ್ದಾರೆ. ಕೀಲಿ ಮುಟ್ಟಿಲ್ಲ.

2017ರಲ್ಲಿ ಸೌದಿ ಅರೇಬಿಯಾದ ಒಂದು ಪೆಟ್ರೋಕೆಮಿಕಲ್ ಘಟಕದ ಮೇಲೆ ಟ್ರೈಟನ್ ಅನ್ನೋ ಮಾಲ್‌ವೇರ್ ಬಿತ್ತು. ಅದು ಗುರಿ ಇಟ್ಟದ್ದು ಬೇರೆ ಯಾವುದಕ್ಕೂ ಅಲ್ಲ, ಪ್ಲಾಂಟನ್ನು ಕಾಯುವ ಸೇಫ್ಟಿ ಕಂಟ್ರೋಲರಿಗೇ. ಅಲ್ಲೂ ಕೀಲಿ ಪ್ರೋಗ್ರಾಂ ಕಡೆಗೇ ತಿರುಗಿತ್ತು. ಅದೃಷ್ಟಕ್ಕೆ ಕಂಟ್ರೋಲರ್ ಗಾಬರಿಬಿದ್ದು ಪ್ಲಾಂಟನ್ನೇ ನಿಲ್ಲಿಸಿಬಿಟ್ಟಿತು, ಯಾರಿಗೂ ಏನೂ ಆಗಲಿಲ್ಲ. ಈ ಕಥೆ ಹೇಳುವಾಗ ಐಟಿ ಹುಡುಗ ಮೊದಲ ಸಲ ಪೆನ್ನು ತೆಗೆದ.

ಆಮೇಲೆ ಅವನೇ ಒಂದು ನೀಲಿ ಕೇಬಲ್ ತೋರಿಸಿದ. ಕಂಟ್ರೋಲ್ ರೂಮಿನ ಸ್ವಿಚ್ಚಿನಿಂದ ಹೊರಟು, ಕಿಟಕಿ ಸಂದಿಯಲ್ಲಿ ತೂರಿ, ಕೊಡೆಯ ತಂತಿಯ ಹಾಗೆ ಬಾಗಿ, ಆಡಳಿತ ಕಚೇರಿಗೆ ಹೋಗಿತ್ತು. ದೊಡ್ಡ ಸಾಹೇಬರಿಗೆ ದಿನಕ್ಕೆ ಎಷ್ಟು ಲೀಟರ್ ಆಯಿತು ಅಂತ ಮೊಬೈಲಿನಲ್ಲಿ ನೋಡಬೇಕಾಗಿತ್ತಂತೆ. ಗೇಟಿನಲ್ಲಿ ನಮ್ಮೆಲ್ಲರ ಮೊಬೈಲ್ ಕಿತ್ತುಕೊಂಡು ಖಾನೆಯಲ್ಲಿ ಇಡುತ್ತಾರೆ. ಇತ್ತ ಇಡೀ ಪ್ಲಾಂಟೇ ಒಂದು ಮೊಬೈಲಿಗೆ ಕಟ್ಟಿಕೊಂಡಿದೆ! ಈ ಮಾತನ್ನು ಶೀಟಿನಲ್ಲಿ ಸ್ವಲ್ಪ ಮರ್ಯಾದೆಯಿಂದ ಬರೆದೆ.

ಕಾಂಪೌಂಡು, ಕಾವಲು, ಟ್ಯಾಂಕರ್ ತಪಾಸಣೆ ಇವೂ ರಿವ್ಯೂನಲ್ಲಿ ಇದ್ದವು. ಹೆಚ್ಚು ಹೇಳುವಂಥದ್ದಿಲ್ಲ. ಕಬ್ಬಿನ ಹೊಲದ ಕಡೆ ಗೋಡೆ ಒಡೆದು ಚಹಾದಂಗಡಿಗೆ ಕಾಲುದಾರಿ ಮಾಡಿಕೊಂಡಿದ್ದರು. ಎಲ್ಲ ಕಾರ್ಖಾನೆಯಲ್ಲೂ ಇರುತ್ತದೆ.

ಬಟ್ಟಿ ಇಳಿಸುವ ಕಾಲಮ್ಮಿನದು ಮಾತ್ರ ನನಗೆ ಖುಷಿ ಕೊಟ್ಟ ಸಾಲು. ಉಗಿಯ ಕಂಟ್ರೋಲ್ ವಾಲ್ವನ್ನು ಯಾರೋ ಪೂರ್ತಿ ತೆರೆದರು ಅಂತಿಟ್ಟುಕೊಳ್ಳಿ, ಕಾಲಮ್ಮಿನಲ್ಲಿ ಒತ್ತಡ ಏರುತ್ತದೆ. ಒತ್ತಡ ನೋಡಿ ಉಗಿ ನಿಲ್ಲಿಸುವ ವ್ಯವಸ್ಥೆ ಪಿಎಲ್‌ಸಿಯಲ್ಲಿದೆ, ಅದನ್ನೂ ಮಲಗಿಸಬಹುದು. ಆದರೆ ಮೇಲೆ ಸ್ಪ್ರಿಂಗಿನ ಸೇಫ್ಟಿ ವಾಲ್ವಿದೆ. ಹಸಿರು. ಮುಂದಿನ ಸಾಲು ಅನ್ನಬೇಕು ಅಷ್ಟರಲ್ಲಿ, ಯಾಕೋ ಕೇಳಿದೆ: "ಕಾಕಾ, ಮ್ಯಾಲ ಏನರ ಮುಚ್ಚಿದ್ದು ಗಿಚ್ಚಿದ್ದು ಐತೇನ್ರಿ?"

ಅವರು ಮ್ಯಾನೇಜರ್ ಮುಖ ನೋಡಿದರು. ಆಮೇಲೆ ನನ್ನ ಮುಖ. "ನಾಳಿ ಮುಂಜಾನೆ ಮ್ಯಾಲ ಹೋಗೂಣ ಬಾ" ಅಂದರು.

ಐದನೇ ದಿನ ಏಳು ಗಂಟೆಗೆ ಹತ್ತಿದೆವು. ನಾಲ್ಕು ಅಂತಸ್ತಿನ ಜಾಲರಿ ಮೆಟ್ಟಿಲು. ಕೆಳಗೆ ನೋಡಿದರೆ ತಲೆ ಗಿರ್ ಅನ್ನುತ್ತದೆ. ಬೂದಿ ಬಣ್ಣದ ಸೇಫ್ಟಿ ವಾಲ್ವು, ಅದರ ಕೆಳಗೆ ಒಂದು ಗೇಟ್ ವಾಲ್ವು. ಗೇಟ್ ವಾಲ್ವು ತೆರೆದಿದ್ದರೆ ಅದರ ಕಂಬಿ ಚಕ್ರದ ಮೇಲೆ ಗೇಣುದ್ದ ಎದ್ದು ನಿಂತಿರಬೇಕು. ಇಲ್ಲಿ ಕಂಬಿ ಕಾಣಲೇ ಇಲ್ಲ. ಚಕ್ರದ ನಡುವೆ ಬೆರಳಿಟ್ಟು ನೋಡಿದೆ. ಒಣಗಿದ ಗ್ರೀಸು, ಅದರ ಮೇಲೆ ಬಗ್ಯಾಸಿನ, ಅಂದರೆ ಕಬ್ಬಿನ ಸಿಪ್ಪೆಯ ಧೂಳು. ಪೂರ್ತಿ ಮುಚ್ಚಿತ್ತು.

"ನಾನ ತಿರುವೀನಿ ಯವ್ವಾ. ಸುಳ್ಳು ಯಾಕ ಹೇಳ್ಲಿ."

ಹಿಂದಿನ ಹಂಗಾಮಿನಲ್ಲಿ ಆ ಸೇಫ್ಟಿ ವಾಲ್ವು ಸಣ್ಣಗೆ ಸೋರುತ್ತಿತ್ತಂತೆ. ಸ್ಪಿರಿಟಿನ ವಾಸನೆ. ಜೊತೆಗೆ ಒಂದೊಂದು ಲೀಟರಿಗೂ ಅಬಕಾರಿ ಲೆಕ್ಕ ಕೊಡಬೇಕು. ಮೇಂಟೆನೆನ್ಸಿಗೆ ಬರೆದು ಕೊಟ್ಟರು. ಸದ್ಯಕ್ಕೆ ಮುಚ್ಚಿ, ಹಂಗಾಮು ಮುಗಿದ ಮೇಲೆ ಬದಲಿಸೋಣ ಅಂದರು. ಹಂಗಾಮು ಮುಗಿಯಿತು. ಬರೆದುಕೊಂಡವನಿಗೆ ವರ್ಗ ಆಯಿತು. ಅಲ್ಲಿ ಒಂದು ಚೀಟಿ ಕೂಡ ಕಟ್ಟಿರಲಿಲ್ಲ.

ನನಗೆ ಮೊದಲು ಸಿಟ್ಟು ಬಂತು. ಒಂದು ಇಡೀ ದಿನ ಕೂತು, ಈ ಒಂದು ಸ್ಪ್ರಿಂಗಿನ ಮೇಲೆ ಭಾರ ಹಾಕಿ ಹಸಿರು ಬಳಿದಿದ್ದೆ. ಹ್ಯಾಕರ್ ಬರುವುದೇ ಬೇಕಾಗಿರಲಿಲ್ಲ. ಆಮೇಲೆ ಅನಿಸಿತು, ಕಾಕಾ ಹೇಳದೇ ಇದ್ದಿದ್ದರೆ? ನನ್ನ ಬಳಿ ಇದ್ದ ನಕ್ಷೆಯಲ್ಲಿ ಆ ಗೇಟ್ ವಾಲ್ವೇ ಇರಲಿಲ್ಲ.

ಈ "ಸದ್ಯಕ್ಕೆ" ಅನ್ನೋ ಮಾತಿಗೆ ನಾನು ಹೆದರುತ್ತೇನೆ. 1974ರ ಜೂನ್ 1ರಂದು ಇಂಗ್ಲೆಂಡಿನ ಫ್ಲಿಕ್ಸ್‌ಬರೋದಲ್ಲಿ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ 28 ಜನ ಸತ್ತದ್ದು ಸದ್ಯಕ್ಕೆ ಅಂತ ಹಾಕಿದ ಪೈಪಿನಿಂದ. ಆರು ರಿಯಾಕ್ಟರಿನಲ್ಲಿ ಐದನೆಯದು ಬಿರುಕು ಬಿಟ್ಟಿತ್ತು. ಅದನ್ನು ತೆಗೆದು ನಾಲ್ಕಕ್ಕೂ ಆರಕ್ಕೂ ನಡುವೆ ಒಂದು ಪೈಪು ಜೋಡಿಸಿ ನಡೆಸಿದರು. ಸರಿಯಾಗಿ ಲೆಕ್ಕ ಹಾಕಿದ ನಕ್ಷೆ ಕೂಡ ಇರಲಿಲ್ಲ.

ಮ್ಯಾನೇಜರ್ ಸಾಹೇಬರಿಗೆ ಫೋನ್ ಮಾಡಿದೆ. ಅವರ ಬಗ್ಗೆ ಒಳ್ಳೆಯದು ಹೇಳಲೇಬೇಕು. ಕಾಕಾನ ಹೆಸರು ಕೇಳಲಿಲ್ಲ. ಒಂದು ತಾಸಿನಲ್ಲಿ ಕಾಲಮ್ ನಿಲ್ಲಿಸಿ, ಕೆಳಗಿನ ವಾಲ್ವು ತೆರೆಸಿ, ಚಕ್ರಕ್ಕೆ ಸರಪಳಿ ಹಾಕಿಸಿದರು. ಸಂಜೆ ಸೊಲ್ಲಾಪುರದಿಂದ ಬೇರೆ ಸೇಫ್ಟಿ ವಾಲ್ವು ಬಂತು. ಕಳೆದ ಹಂಗಾಮಿನಿಂದ ಸಿಗದೇ ಇದ್ದದ್ದು ಎಂಟು ತಾಸಿನಲ್ಲಿ ಸಿಕ್ಕಿತು.

ಆರನೇ ದಿನ ಬರೀ ಬರೆಯುವುದು. ಒಟ್ಟು 43 ಶಿಫಾರಸು. ಪ್ರತಿಯೊಂದಕ್ಕೂ ಒಬ್ಬರ ಹೆಸರು, ಒಂದು ತಾರೀಖು. ಹೆಸರಿಲ್ಲದ ಶಿಫಾರಸು ಕಪಾಟಿಗೆ ಹೋಗುತ್ತದೆ, ಮೀಟರಿನ ಹಾಗೆ. ಹಳೆಯ ಚಾಳಿ ಬಿಟ್ಟು, ಆಪರೇಟರುಗಳಿಗಾಗಿ ಮುಖ್ಯವಾದ ಹನ್ನೊಂದನ್ನು ಕನ್ನಡದಲ್ಲಿ ಎರಡು ಪುಟ ಮಾಡಿ ಕೊಟ್ಟೆ. ಸೇಫ್ಟಿ ವಾಲ್ವಿಗೆ ಕನ್ನಡದಲ್ಲಿ ಏನು ಬರೆಯುವುದು ಅಂತ ಬಹಳ ಯೋಚಿಸಿದೆ. ಕಾಕಾ "ಹಬೆ ಬಿಡೂ ವಾಲ್ವು ಅನ್ನು, ಎಲ್ಲಾರಿಗೂ ತಿಳೀತೈತಿ" ಅಂದರು. ಹಾಗೇ ಬರೆದೆ.

ಮುಂದಿನ ಹಂಗಾಮು ಶುರುವಾಗುವ ಮೊದಲು ಮತ್ತೆ ಹೋಗಿದ್ದೆ, ಆದದ್ದೆಷ್ಟು ಆಗದ್ದೆಷ್ಟು ನೋಡಲು. ಕೆಂಪು ದಾರದ ಕೀಲಿ ಈಗ ಶಿಫ್ಟ್ ಇನ್‌ಚಾರ್ಜ್ ಡ್ರಾಯರಿನಲ್ಲಿ. ತೆಗೆದರೆ ರಿಜಿಸ್ಟರಿನಲ್ಲಿ ಸಹಿ ಮಾಡಬೇಕು. ಮೀಟರಿಗೆ ಚಾರ್ಜ್ ಇತ್ತು. ಗೋಡೆ ಒಡೆದದ್ದು ಹಾಗೇ ಇತ್ತು. ನೀಲಿ ಕೇಬಲ್ಲೂ ಹಾಗೇ ಇತ್ತು. ಅಂಕಿಗಳು ಹೊರಗೆ ಹೋಗಲಿ, ಆದರೆ ಒಳಗೆ ಏನೂ ಬರಬಾರದು ಅನ್ನೋ ಉಪಕರಣಕ್ಕೆ ಕೊಟೇಶನ್ ಬಂದಿದೆಯಂತೆ. ದೊಡ್ಡ ಸಾಹೇಬರ ಸಹಿ ಬಾಕಿ.

ಇಥೆನಾಲ್ ಟ್ಯಾಂಕಿನ ಮೇಲೆ ಹೊಸ ಫ್ಲೋಟ್ ಸ್ವಿಚ್ಚು ಕೂರಿಸಿದ್ದರು. ಅದರ ತಂತಿ ಪಿಎಲ್‌ಸಿಗೆ ಹೋಗುವುದಿಲ್ಲ. ನೇರ ರಿಲೇ ಅನ್ನೋ ವಿದ್ಯುತ್ ಸ್ವಿಚ್ಚಿಗೆ, ರಿಲೇಯಿಂದ ವಾಲ್ವಿಗೆ. ಪರೀಕ್ಷೆಗೆ ಅಂತ ಪಕ್ಕದಲ್ಲಿ ಒಂದು ಸಣ್ಣ ಹಿಡಿಕೆ. ನಾನು ಕೆಳಗೆ ಕಂಟ್ರೋಲ್ ರೂಮಿನಲ್ಲಿ ನಿಂತೆ. ಮೇಲಿನಿಂದ ಕಾಕಾ ವಾಕಿಟಾಕಿಯಲ್ಲಿ "ಎತ್ತಲೇನವಾ?" ಅಂದರು. ಎತ್ತಿ ಅಂದೆ. ಹೊರಗೆ ಗಾಳಿ ಪುಸ್ ಅಂತ ಹೋಯಿತು, ವಾಲ್ವು ದಡಕ್ಕನೆ ಮುಚ್ಚಿತು. ಹಾರ್ನ್ ಎಷ್ಟು ಜೋರಾಗಿತ್ತೆಂದರೆ ಕ್ಯಾಂಟೀನಿನವರು ಹೊರಗೆ ಓಡಿ ಬಂದರು.

ಪರದೆ ಮೇಲೆ ಟ್ಯಾಂಕಿನ ಮಟ್ಟ ಮಾತ್ರ ಹಸಿರು ಬಣ್ಣದಲ್ಲಿ 62 ಅಂತ ತಣ್ಣಗೆ ಕೂತಿತ್ತು. ಅಲಾರಂ ಇಲ್ಲ, ಏನಿಲ್ಲ. ಕಾಕಾ ಇಳಿದು ಬಂದು, ಬೆವರು ಒರೆಸಿಕೊಂಡು, ಪರದೆ ಹತ್ತಿರ ಮುಖ ತಂದು ನೋಡಿದರು.

"ಇದಕ್ಕ ಇನ್ನಾ ಸುದ್ದಿನ ಮುಟ್ಟಿಲ್ಲ ನೋಡು" ಅಂದರು.